ದೇವನಗರಿಯಲ್ಲಿ ಐದು ರಾತ್ರಿ

ಕುಂಬಳೆ ಸೀಮೆಯ ಓದುಗ ಸೋದರಿಯೊಬ್ಬರು ಬರೆದ ಕಾಗದವನ್ನು ಮುಂದಿಟ್ಟುಕೊಂಡು ಈ ತಿಂಗಳ ಅಂಕಣವನ್ನು ಬರೆಯುತ್ತಿದ್ದೇವೆ. ಅವರ ಪತಿಯವರು ಶಾಲಾ ಉಪಾಧ್ಯಾಯ ವೃತ್ತಿಯಿಂದ ಈಚೆಗೆ ನಿವೃತ್ತರಾದರು. ಹೊರದೇಶದಲ್ಲಿ ದುಡಿಯುತ್ತಿರುವ ಮಗನು, ತಂದೆ ತಾಯಿ ಮತ್ತು ಅಜ್ಜಿ ಒಮ್ಮೆ ಬ್ಯಾಂಕಾಕ್ ನೋಡಿ ಬರಲೆಂದು ವಿಮಾನದ ಟಿಕೆಟುಗಳನ್ನು ತೆಗೆಸಿಕೊಡಲಿದ್ದಾನೆ. ಉಳಿದ ಖರ್ಚು ಮಾತ್ರ ಇವರದೇ. ಐದು ರಾತ್ರಿ ತಂಗಬೇಕು. ಪಿಂಚಣಿಯ ಹಣದಲ್ಲಿ ಆಗುವಂಥ, ಎಲ್ಲಕ್ಕಿಂತ ಕಡಿಮೆ ಬಾಡಿಗೆಯ ವಸತಿಗೃಹವನ್ನು ಆರಿಸುವುದು ಹೇಗೆಂದು ಅವರು ಕೇಳಿದ್ದಾರೆ. ಕಾಗದದ ಕೊನೆಯಲ್ಲಿ, ಸಹಿಯ ಕೆಳಗೆ, ಮರೆತು ನೆನಪಾದಂತೆ ಇನ್ನೊಂದು ಸಾಲಿದೆ: "ಅತ್ತೆಯವರಿಗೆ ಎಪ್ಪತ್ತಾರು ವರ್ಷ. ಮೊಣಕಾಲು ನೋವು ಸ್ವಲ್ಪ ಉಂಟು. ಶಾಕಾಹಾರಿ."

ಸೋದರಿ, ನಮ್ಮ ಉತ್ತರವು ನಿಮ್ಮ ಆ ಕೊನೆಯ ಸಾಲಿನಿಂದಲೇ ಹೊರಡುತ್ತದೆ. ಅದಕ್ಕೆ ಕಾರಣವುಂಟು.

2018ರ ಡಿಸೆಂಬರಿನಲ್ಲಿ ನಾವು ಅದೇ ಊರಿಗೆ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ಮಳೆಗಾಲ ಕಳೆದು ಬಯಲಾಟಗಳು ಆರಂಭವಾದರೆ ಬೆಳಗಿನ ತನಕ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದ ಜೀವ ಅದು. ಪಾರ್ತಿಸುಬ್ಬನ ಹೆಸರಿನಲ್ಲಿ ನಮ್ಮ ಸೀಮೆಯಲ್ಲಿ ನಡೆದು ಬಂದಿರುವ ರಾಮಾಯಣ ಪ್ರಸಂಗಗಳ ಪದ್ಯಗಳು ಅವರಿಗೆ ಬಾಯಿಪಾಠ. ಬ್ಯಾಂಕಾಕಿನ ಅರಮನೆಯ ಆವರಣದಲ್ಲಿರುವ ಪಚ್ಚೆಯ ಬುದ್ಧನ ಗುಡಿಯ ಸುತ್ತುಗೋಡೆಯ ಮೇಲೆ ರಾಮಾಯಣವನ್ನೆಲ್ಲ 178 ಚಿತ್ರಗಳಲ್ಲಿ ಬರೆದಿದ್ದಾರೆಂದು ನಾವು ಹೇಳಿದಾಗ ಅವರು, "ನನಗೆ ಅಂಗಡಿ ಬೀದಿ ಏನೂ ಬೇಡ, ಅದೊಂದನ್ನು ತೋರಿಸಿದರೆ ಸಾಕು" ಎಂದಿದ್ದರು.

ನಾವು ಬಾಡಿಗೆಯನ್ನು ಮಾತ್ರ ನೋಡಿ ಕೋಣೆ ಹಿಡಿದೆವು. ಚಿತ್ರದಲ್ಲಿ ಬಿಳಿಯ ಹಾಸು, ಮಡಿಸಿಟ್ಟ ಟವೆಲು, ಗೋಡೆಯ ಮೇಲೆ ಕಮಲದ ಹೂವು, ಎಲ್ಲ ಚೆನ್ನಾಗಿಯೇ ಇತ್ತು. ಹೋಗಿ ನೋಡಿದರೆ ಅದು ಹಳೆಯ ಅಂಗಡಿ ಮನೆಯನ್ನು ವಸತಿಗೃಹವಾಗಿ ಮಾರ್ಪಡಿಸಿದ ಕಟ್ಟಡ. ಅಗಲ ಕಿರಿದು, ಉದ್ದ ಬಹಳ, ನಾಲ್ಕು ಮಾಳಿಗೆ, ಕಡಿದಾದ ಮೆಟ್ಟಿಲು. ಲಿಫ್ಟಿರಲಿಲ್ಲ. ನಮ್ಮ ಕೋಣೆ ಎಲ್ಲಕ್ಕಿಂತ ಮೇಲೆ. ಅತ್ತೆಯವರು ಗೋಡೆ ಹಿಡಿದುಕೊಂಡು ಹತ್ತಿದರು, ಒಂದು ಮಾತು ಆಡಲಿಲ್ಲ. ಸಂಜೆಯ ಹೊತ್ತಿಗೆ ಮೊಣಕಾಲು ಊದಿಕೊಂಡಿತು. ಎರಡು ದಿನ ಅವರು ಕೆಳಗಿಳಿಯಲಿಲ್ಲ. "ನೀವು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ, ನಾನು ಕಿಟಕಿಯಿಂದ ಊರು ನೋಡುತ್ತೇನೆ" ಎಂದರು. ಕಿಟಕಿಯ ಪರದೆ ಸರಿಸಿದರೆ ಅದರಾಚೆ ಇದ್ದುದು ನಮ್ಮದೇ ಮಾಳಿಗೆಯ ನಡುಹಾದಿ, ಅಲ್ಲೊಂದು ಕೊಳವೆ ದೀಪ. ಮೂರನೆಯ ದಿನ ಒಂದೊಂದೇ ಮೆಟ್ಟಿಲಿಳಿದು, ಟ್ಯಾಕ್ಸಿ ಹಿಡಿದು, ದಟ್ಟಣೆಯಲ್ಲಿ ಸಿಕ್ಕಿ ಅರಮನೆಯ ಬಾಗಿಲಿಗೆ ಮುಟ್ಟಿದಾಗ ಟಿಕೆಟು ಕೊಡುವ ಹೊತ್ತು ಮುಗಿದಿತ್ತು. ಮಾರನೆಯ ಮುಂಜಾನೆ ನಮ್ಮ ವಿಮಾನ.

ನಾವು ಅದಾಗಲೇ ನೋಡಿ ಬಂದಿದ್ದೆವು. ಆ ರಾತ್ರಿ ಅತ್ತೆಯವರು, "ಅಲ್ಲಿ ಹನುಮಂತನಿಗೆ ಯಾವ ಬಣ್ಣ ಕೊಟ್ಟಿದ್ದಾರೆ?" ಎಂದು ಕೇಳಿದರು. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ನಾವು ಅದನ್ನು ಗಮನಿಸಿಯೇ ಇರಲಿಲ್ಲ.

ಲಿಫ್ಟಿರುವ ವಸತಿಗೃಹವೊಂದು ಅದೇ ಬೀದಿಯಲ್ಲಿತ್ತು. ರಾತ್ರಿಯೊಂದಕ್ಕೆ ಮುನ್ನೂರು ಬಾತ್ ಹೆಚ್ಚು. ಬಾತ್ ಎಂದರೆ ಅಂದು ಎರಡು ರೂಪಾಯಿಗೆ ತುಸು ಹೆಚ್ಚು. ಈಗ ಎರಡೂವರೆ ಮೂರರ ಆಸುಪಾಸಿನಲ್ಲಿ ಆಡುತ್ತಿರುತ್ತದೆ. ನಾವು ಉಳಿಸಿದ ಹಣ ಎಷ್ಟೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಪರಸ್ಥಳದಲ್ಲಿ ಹಾಸಿಗೆಯ ಬೆಲೆಯನ್ನು ಬೇರೆ ರೀತಿಯಲ್ಲಿ ಎಣಿಸಬೇಕಾಗುತ್ತದೆ. ಒಂದು ಲೆಕ್ಕ ನೋಡಿ. ಊರ ಅಂಚಿನಲ್ಲಿ, ರೈಲು ನಿಲ್ದಾಣದಿಂದ ದೂರದಲ್ಲಿ 750 ಬಾತ್‌ನ ಕೋಣೆಯೊಂದು ಸಿಕ್ಕಿತೆನ್ನಿ. ಹೋಗಿ ಬರುವ ಟ್ಯಾಕ್ಸಿಗೆ ದಿನಕ್ಕೆ 300 ಬಾತ್ ಹಿಡಿದರೆ ಐದು ದಿನಕ್ಕೆ ಒಟ್ಟು 5,250. ನಿಲ್ದಾಣದ ಮಗ್ಗುಲಲ್ಲೇ 1,100 ಬಾತ್‌ನ ಕೋಣೆಯಾದರೆ 5,500. ವ್ಯತ್ಯಾಸ 250 ಬಾತ್. ನಡುಹಗಲಿನ ಸೆಕೆಯಲ್ಲಿ ತಾಸು ಹೊತ್ತು ಮನೆಗೆ ಬಂದಂತೆ ಬಂದು ಮಲಗುವ ಅನುಕೂಲ ಈ ಎರಡನೆಯ ಕೋಣೆಗೆ ಮಾತ್ರ ಉಂಟು. ಮುದುಕರಿಗೂ ಮಕ್ಕಳಿಗೂ ಪ್ರವಾಸ ನಿಲ್ಲುವುದು ಆ ಒಂದು ತಾಸಿನ ಮೇಲೆ.

ಬಾಡಿಗೆಯ ಅಂಕೆಯ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಎಚ್ಚರವಿರಲಿ. ಸೇವಾಶುಲ್ಕ ನೂರಕ್ಕೆ ಹತ್ತು, ಆ ಮೊತ್ತದ ಮೇಲೆ ತೆರಿಗೆ ನೂರಕ್ಕೆ ಏಳು, ಇವೆರಡೂ ಬೇರೆಯೆಂಬುದು ಅದರ ಅರ್ಥ. 1,000 ಬಾತ್ ಎಂದು ಬರೆದದ್ದು ಕೊಡುವಾಗ 1,177 ಆಗುತ್ತದೆ. ಇದಲ್ಲದೆ ಹಲವು ಕಡೆ ಒಳಹೋಗುವಾಗಲೇ ಐನೂರೋ ಸಾವಿರವೋ ಬಾತ್ ಠೇವಣಿ ಇರಿಸಿಕೊಳ್ಳುತ್ತಾರೆ. ಬಿಡುವ ದಿನ ಅದು ಹಿಂದಕ್ಕೆ ಬರುತ್ತದೆ. ರಸೀದಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ಆ ರಸೀದಿಯಲ್ಲಿ ಇಸವಿ 2568 ಎಂದೋ 2569 ಎಂದೋ ಕಂಡರೆ ಗಾಬರಿ ಬೇಡ. ಅವರು ಬುದ್ಧಶಕೆಯಲ್ಲಿ ಎಣಿಸುತ್ತಾರೆ. ನಮ್ಮ ಕ್ರಿಸ್ತಶಕದ ಇಸವಿಗೆ 543 ಕೂಡಿಸಿದರೆ ಅವರದು.

ಇನ್ನು ಯಾವ ಬಡಾವಣೆ? ಅದಕ್ಕೆ ಮೊದಲು ಊರಿನ ಹೆಸರಿನ ಬಗ್ಗೆ ಒಂದು ಮಾತು. ಹೊರಗಿನವರಿಗೆ ಬ್ಯಾಂಕಾಕ್, ತಾಯ್ ಜನರಿಗೆ ಅದು ಕ್ರುಂಗ್ ಥೇಪ್, ಎಂದರೆ ದೇವನಗರಿ. 1782ರಲ್ಲಿ ಮೊದಲನೆಯ ರಾಮನೆಂಬ ದೊರೆ ಅದನ್ನು ರಾಜಧಾನಿಯಾಗಿ ಮಾಡಿದನು. ಪೂರ್ಣ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟ. ವಿಶ್ವಕರ್ಮನು ಕಟ್ಟಿದ ನಗರವೆಂಬ ಮಾತೂ ಅದರೊಳಗಿದೆ. ನೀವು ಇಳಿಯುವ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಊರು ಪರದೇಶವಾದರೂ ಮಾತಿನ ನೆಂಟಸ್ತಿಕೆ ಎಲ್ಲೆಲ್ಲೂ ಇಣುಕುತ್ತದೆ.

ಖಾವ್ ಸಾನ್ ಬೀದಿಯ ಹೆಸರನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಹೆಸರಿನ ಅರ್ಥ ಅಕ್ಕಿ. ಒಂದು ಕಾಲದಲ್ಲಿ ಅಕ್ಕಿಯ ಪೇಟೆಯಾಗಿದ್ದ ಸ್ಥಳ. 1980ರ ದಶಕದಿಂದೀಚೆಗೆ ಬೆನ್ನಚೀಲ ಹೊತ್ತ ತರುಣ ಪ್ರವಾಸಿಗರ ತಂಗುದಾಣವಾಗಿದೆ. ಕೋಣೆಗಳು ಅಗ್ಗ, ಅರಮನೆಯೂ ದೂರವಿಲ್ಲ. ಆದರೆ ರಾತ್ರಿ ಬಹಳ ಹೊತ್ತಿನವರೆಗೆ ಸಂಗೀತದ ಅಬ್ಬರ. ನಿದ್ದೆ ಬೇಕೆನ್ನುವವರ ಬೀದಿಯಲ್ಲ. ಪ್ರತುನಾಮ್ ಎಂಬಲ್ಲಿ ಬಟ್ಟೆಯ ಸಗಟು ಪೇಟೆಯುಂಟು, ನಮ್ಮ ದೇಶದ ವ್ಯಾಪಾರಿಗಳು ಬಹಳ ಮಂದಿ ಅಲ್ಲಿ ತಂಗುತ್ತಾರೆ, ಭಾರತೀಯ ಊಟವೂ ದೊರೆಯುತ್ತದೆ. ಜನಜಂಗುಳಿ ಹೇಳತೀರದು. ಸುಖುಂವಿತ್ ಎಂಬ ಉದ್ದನೆಯ ಹೆದ್ದಾರಿಯ ಎರಡೂ ಕಡೆ ಎಲ್ಲ ದರ್ಜೆಯ ವಸತಿಗೃಹಗಳಿವೆ, ಮೇಲುಹಾದಿಯ ರೈಲೂ ಇದೆ. ಆದರೆ ಮೊದಲ ಕೆಲವು ಗಲ್ಲಿಗಳಲ್ಲಿ ಕತ್ತಲಾದ ಮೇಲೆ ನಡೆಯುವ ವ್ಯಾಪಾರ ಕುಟುಂಬದವರು ಕಾಣತಕ್ಕದ್ದಲ್ಲ. ಅಲ್ಲಿಯೇ ಇಳಿದುಕೊಳ್ಳಬೇಕೆಂದರೆ ಗಲ್ಲಿಯ ಸಂಖ್ಯೆಯನ್ನು ವಿಚಾರಿಸಿಕೊಳ್ಳಿ. ಗಲ್ಲಿಗೆ ಅವರು ಸೋಯಿ ಎನ್ನುತ್ತಾರೆ. ಒಂದು ಬದಿ ಬೆಸಸಂಖ್ಯೆ, ಇನ್ನೊಂದು ಬದಿ ಸಮಸಂಖ್ಯೆ. ಇಪ್ಪತ್ತೊಂದರ ಎದುರಿಗೆ ಇಪ್ಪತ್ತೆರಡು ಇರುತ್ತದೆಂದು ರಸ್ತೆ ದಾಟಿದರೆ ಕೆಟ್ಟಿರಿ. ಅಲ್ಲಿರುವುದು ಹದಿನಾರರ ಆಸುಪಾಸು. ಎರಡು ಬದಿಯ ಎಣಿಕೆಯೂ ತಮ್ಮ ತಮ್ಮ ಪಾಡಿಗೆ ಸಾಗಿವೆ.

ನಿಮ್ಮ ಮೂವರಿಗೆ ನಾವು ಹೇಳುವುದು ಹಳೆಯ ಪಟ್ಟಣದ ಸಾಮ್ ಯೋತ್ ನಿಲ್ದಾಣದ ನೆರೆಕರೆ. ನೆಲದಡಿಯ ರೈಲು ಆ ಕಡೆಗೆ ಬಂದದ್ದು 2019ರಲ್ಲಿ. ನಾವು ಹೋಗಿದ್ದಾಗ ಇರಲಿಲ್ಲ. ನಿಲ್ದಾಣದಲ್ಲಿ ಲಿಫ್ಟುಂಟು. ಕೂಗಳತೆಯಲ್ಲಿ ಪಾಹುರತ್ ಎಂಬ ಭಾರತೀಯ ಪೇಟೆ, ಜವಳಿ ಅಂಗಡಿಗಳು, ಚಿನ್ನದ ಗುಮ್ಮಟದ ದೊಡ್ಡ ಗುರುದ್ವಾರ, ರೊಟ್ಟಿ ಬೇಳೆ ಸಿಕ್ಕುವ ಉಪಾಹಾರಗೃಹಗಳು. ಪೂರ್ವಕ್ಕೆ ಚೀನೀ ಪೇಟೆ. ಸಾಧಾರಣ ದರದ ವಸತಿಗೃಹಗಳು ಈ ಸುತ್ತಿನಲ್ಲಿ ಸಾಕಷ್ಟಿವೆ. ರಾತ್ರಿಯಾದರೆ ಬೀದಿಗಳು ಬೇಗ ಮೌನವಾಗುತ್ತವೆ. ಪೇಟೆಯ ಮೆರುಗು ಬೇಕೆನ್ನುವ ತರುಣರಿಗೆ ಇದು ಸಪ್ಪೆ ಎನಿಸಬಹುದು, ನಿಮಗೆ ಗುಣವೇ.

ಹಣಕ್ಕಿಂತಲೂ ಹೆಚ್ಚಾಗಿ ಜನ ಎಡವುವುದು ಹೊತ್ತಿನ ಲೆಕ್ಕದಲ್ಲಿ. ನಮ್ಮ ಕಡೆಯವರು ಬೆಂಗಳೂರಿನಿಂದಲೋ ಕೊಚ್ಚಿಯಿಂದಲೋ ಹೊರಡುತ್ತಾರೆ. ಕಡಿಮೆ ದರದ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಬಿಟ್ಟು, ನಾಲ್ಕು ತಾಸಿನ ಹಾದಿ ಕಳೆದು, ನಸುಕಿನಲ್ಲಿ ಇಳಿಸುತ್ತವೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಗಂಟೆಗೆ. ನಿದ್ದೆಗೆಟ್ಟ ಎಪ್ಪತ್ತಾರರ ಹಿರಿಯರನ್ನು ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಎಲ್ಲಿ ಕೂರಿಸುತ್ತೀರಿ? ಈ ಪ್ರಶ್ನೆಯನ್ನು ಮುಂಗಡ ಕೊಡುವ ಮೊದಲೇ ಎತ್ತಬೇಕು. ಬೇಗ ಕೋಣೆ ಕೊಡುವುದಾದರೆ ಹೆಚ್ಚಿಗೆ ಎಷ್ಟು ಎಂದು ಬರೆದು ಕೇಳಿ. ಕೆಲವರು ಅರ್ಧ ಬಾಡಿಗೆಗೆ ಒಪ್ಪುತ್ತಾರೆ. ಒಪ್ಪದಿದ್ದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿದುಬಿಡಿ. ಐದು ರಾತ್ರಿಗೆ ಆರು ರಾತ್ರಿಯ ಹಣ ಕೊಡುವುದು ಹೊಟ್ಟೆ ಉರಿಸುವ ವಿಚಾರವೇ ಸರಿ. ಆದರೂ ನಾವಾದರೆ ಬೇರೆಲ್ಲಾದರೂ ಕಡಿತ ಮಾಡಿ ಇದನ್ನು ಕೊಡುತ್ತೇವೆ. ನಡುರಾತ್ರಿ ಕಳೆದು ಇಳಿಯುವವರು ತಾರೀಕನ್ನು ತಪ್ಪಾಗಿ ಬರೆಯುವುದೂ ಉಂಟು. ಹತ್ತನೆಯ ತಾರೀಕಿನ ರಾತ್ರಿ ಹೊರಟವರು ತಲಪುವುದು ಹನ್ನೊಂದರ ಮುಂಜಾನೆ; ಮುಂಜಾನೆಯೇ ಕೋಣೆ ಬೇಕಿದ್ದರೆ ಹತ್ತರ ರಾತ್ರಿಗೆ ಹಿಡಿದಿರಬೇಕು, ಮತ್ತು ಹನ್ನೊಂದರ ಬೆಳಿಗ್ಗೆ ಬರುತ್ತೇವೆಂದು ತಿಳಿಸಿರಬೇಕು. ಇಲ್ಲವಾದರೆ ಬರಲಿಲ್ಲವೆಂದು ಬೇರೆಯವರಿಗೆ ಕೊಟ್ಟುಬಿಟ್ಟಾರು.

ಊರಿಗೆ ಎರಡು ವಿಮಾನ ನಿಲ್ದಾಣಗಳಿವೆ. ಸುವರ್ಣಭೂಮಿ 2006ರಲ್ಲಿ ತೆರೆದದ್ದು. ಹಳೆಯದು ದಾನ್ ಮುವಾಂಗ್, ಕಡಿಮೆ ದರದ ವಿಮಾನಗಳು ಬಹಳಷ್ಟು ಅಲ್ಲಿಗೆ ಬರುತ್ತವೆ. ನಿಮ್ಮ ಟಿಕೆಟಿನಲ್ಲಿ ಯಾವುದಿದೆಯೆಂದು ನೋಡಿ. ಸುವರ್ಣಭೂಮಿಯಿಂದ ರೈಲಿನಲ್ಲಿ ಮಕ್ಕಸನ್‌ವರೆಗೆ ಬಂದು, ಸೇತುವೆ ದಾಟಿ ನೆಲದಡಿಯ ರೈಲು ಹಿಡಿದರೆ ಸಾಮ್ ಯೋತ್‌ಗೆ ಹೋಗಬಹುದು. ಒಬ್ಬರೇ ಆದರೆ ಇದೇ ಮೇಲು. ಪೆಟ್ಟಿಗೆಗಳೊಂದಿಗೆ ಮೂವರಾದಾಗ ಮೀಟರಿನ ಟ್ಯಾಕ್ಸಿಯೇ ಹಿತ. ಮೀಟರಿನ ಮೇಲೆ ನಿಲ್ದಾಣದ ಶುಲ್ಕ 50 ಬಾತ್, ಮೇಲುರಸ್ತೆಯ ಸುಂಕ ನಿಮ್ಮದೇ. ವಸತಿಗೃಹದ ಹೆಸರು ವಿಳಾಸಗಳನ್ನು ತಾಯ್ ಲಿಪಿಯಲ್ಲಿ ಅಚ್ಚು ಹಾಕಿಸಿ ಕೈಯಲ್ಲಿಟ್ಟುಕೊಳ್ಳಿ. ನಮ್ಮ ಉಚ್ಚಾರಣೆಯನ್ನು ಕೇಳಿ ಚಾಲಕರು ನಕ್ಕು ತಲೆಯಾಡಿಸುವುದೇ ಹೆಚ್ಚು. 2025ರ ಮೇ ತಿಂಗಳಿನಿಂದ ದೇಶದೊಳಗೆ ಬರುವವರು ಆಗಮನ ಪತ್ರವನ್ನು ಅಂತರ್ಜಾಲದಲ್ಲೇ ತುಂಬಬೇಕಾಗಿದೆ, ಅದರಲ್ಲಿಯೂ ತಂಗುವ ವಿಳಾಸ ಬೇಕು. ವೀಸಾದ ನಿಯಮವಂತೂ 2023ರಿಂದೀಚೆಗೆ ಒಂದಕ್ಕಿಂತ ಹೆಚ್ಚು ಸಲ ಬದಲಾಯಿತು. ಹೊರಡುವ ತಿಂಗಳಿನಲ್ಲಿ ಅವರ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಿಕೊಳ್ಳಿ. ಕಳೆದ ವರ್ಷ ಹೋಗಿ ಬಂದ ನೆಂಟರ ಮಾತಿನ ಮೇಲೆ ಹೊರಡಬೇಡಿ.

ಕೋಣೆಯ ವಿಚಾರ. ಸುಪೀರಿಯರ್, ಡಿಲಕ್ಸ್ ಎಂಬ ಬಿರುದುಗಳಿಗೆ ಅಳತೆಯಿಲ್ಲ. ಚದರ ಮೀಟರಿನ ಅಂಕೆಯನ್ನು ನೋಡಿ. ಮೂವರಿಗೆ ಹನ್ನೆರಡು ಚದರ ಮೀಟರು ಎಂದರೆ ಪೆಟ್ಟಿಗೆ ತೆರೆಯಲು ಒಬ್ಬರು ಹಾಸಿಗೆಯ ಮೇಲೆ ಕಾಲೆತ್ತಿ ಕೂರಬೇಕಾಗುತ್ತದೆ. ಡಬಲ್ ಎಂದರೆ ಒಂದೇ ದೊಡ್ಡ ಮಂಚ, ಟ್ವಿನ್ ಎಂದರೆ ಬೇರೆ ಬೇರೆ ಎರಡು. ಮೂರನೆಯವರಿಗೆ ನೆಲದ ಮೇಲೆ ಹಾಸಿಗೆ ಹಾಕಿದರಾಯಿತೆಂದು ಹೇಳದೆ ಹೋಗಬೇಡಿ. ಪ್ರತಿ ಪರದೇಶಿ ಅತಿಥಿಯ ವಿವರವನ್ನು ಇಪ್ಪತ್ತನಾಲ್ಕು ತಾಸಿನೊಳಗೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಅಲ್ಲಿದೆ, ಎಲ್ಲರ ಪಾಸ್‌ಪೋರ್ಟನ್ನೂ ಕೇಳುತ್ತಾರೆ. ತಲೆ ಎಣಿಕೆ ತಪ್ಪುವುದಿಲ್ಲ. ಎಷ್ಟನೆಯ ಮಾಳಿಗೆ ಎಂದು ಕೇಳುವಾಗಲೂ ಒಂದು ಸೂಕ್ಷ್ಮವಿದೆ. ಅವರಲ್ಲಿ ನೆಲಮಾಳಿಗೆಗೇ ಒಂದನೆಯದೆನ್ನುವ ರೂಢಿ, ಆದುದರಿಂದ ಅವರ ಎರಡನೆಯದು ನಮ್ಮ ಮೊದಲನೆಯದು. ಇದೊಂದು ನಮಗೆ ಲಾಭದ ಬಾಬತ್ತು.

ಲಿಫ್ಟು ಇದೆಯೇ, ಕಿಟಕಿ ಹೊರಗೆ ತೆರೆಯುತ್ತದೆಯೇ, ಬಾಗಿಲಿನ ಮುಂದೆಯೇ ಮೆಟ್ಟಿಲುಗಳಿವೆಯೇ, ಈ ಮೂರನ್ನು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಹಿಂದೆ ತಂಗಿದ್ದವರು ಬರೆದ ಅಭಿಪ್ರಾಯಗಳನ್ನು ಓದುವಾಗ ಹೊಗಳಿಕೆಯನ್ನು ಬಿಟ್ಟು ತೆಗಳಿಕೆಯಿಂದ ಆರಂಭಿಸಿ. ಕಾಫಿ ತಣ್ಣಗಿತ್ತೆಂಬ ದೂರಿಗೆ ಬೆಲೆಯಿಲ್ಲ. ಮುಗ್ಗಲು ವಾಸನೆ, ಗದ್ದಲ, ಮೆಟ್ಟಿಲು ಎಂಬ ಮಾತು ಮೂರು ನಾಲ್ಕು ಜನರಿಂದ ಬಂದರೆ ಅದು ನಿಜ. ಬೆಂಕಿಯ ಭಯ ಸಣ್ಣದಲ್ಲ. 1997ರಲ್ಲಿ ಪಟ್ಟಾಯದ ಹೋಟೆಲೊಂದು ಹೊತ್ತಿ ಉರಿದಾಗ ತೊಂಬತ್ತರಷ್ಟು ಜನ ಸತ್ತರು. ಕೋಣೆಗೆ ಹೋದೊಡನೆ ಇಳಿಯುವ ಎರಡನೆಯ ದಾರಿ ಯಾವುದೆಂದು ಒಮ್ಮೆ ನಡೆದು ನೋಡಿ, ಬಾಗಿಲಿಗೆ ಬೀಗವಿದ್ದರೆ ಕೋಣೆ ಬದಲಿಸಿ.

ಶೌಚದ ಬಗ್ಗೆ ಹೆಂಗಸರು ಕೇಳಲು ಸಂಕೋಚಪಡುತ್ತಾರೆ. ಆ ಊರಿನ ಹೆಚ್ಚಿನ ಕಡೆ ಪಕ್ಕದಲ್ಲೇ ನೀರಿನ ಕೈಕೊಳವೆ ಇರುತ್ತದೆ, ನಮ್ಮ ಅಭ್ಯಾಸಕ್ಕೆ ತೊಂದರೆಯಿಲ್ಲ. ಸ್ನಾನದ ನೀರು ಮಾತ್ರ ನೆಲದ ಮೇಲೆಲ್ಲ ಹರಿದು ಜಾರುವುದುಂಟು. ಒಂದು ಹಳೆಯ ಟವೆಲನ್ನು ಕೆಳಗೆ ಹಾಸಲು ಕೊಂಡೊಯ್ಯಿರಿ. ನಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿಯ ತೂತಿಗೆ ಹೋಗುವುದಿಲ್ಲ; ಅದಕ್ಕೊಂದು ಜೋಡಣೆ ಬೇಕು. ಹಲಸಿನ ತಂಗಿಯಂತಿರುವ ಡುರಿಯನ್ ಹಣ್ಣನ್ನು ಆಸೆಪಟ್ಟು ಕೋಣೆಗೆ ತರಬೇಡಿ. ವಾಸನೆಯ ಕಾರಣ ಬಹಳ ವಸತಿಗೃಹಗಳಲ್ಲಿ ಅದಕ್ಕೆ ನಿಷೇಧ, ದಂಡವೂ ಉಂಟು.

ಶಾಕಾಹಾರಕ್ಕೆ ಅಲ್ಲಿಯ ಮಾತು 'ಮಂಗ್ಸವಿರತ್'. ಕಿವಿಗೊಟ್ಟು ಕೇಳಿದರೆ ನಮ್ಮ 'ಮಾಂಸವಿರತಿ'ಯೇ. ಆದರೆ ಮೀನಿನ ರಸವಿಲ್ಲದ ಪಲ್ಯ ಅವರಿಗೆ ಉಪ್ಪಿಲ್ಲದ ಪಲ್ಯದಂತೆ, ತಿಳಿಯದೆ ಹಾಕಿಬಿಡುತ್ತಾರೆ. ಹೆಚ್ಚು ಭದ್ರವಾದ ಮಾತು 'ಜೇ'. ಚೀನೀ ಪೇಟೆಯಲ್ಲಿ ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಈ ಅಕ್ಷರ ಬರೆದಿದ್ದರೆ ಅಲ್ಲಿ ಮೀನು ಮಾಂಸ ಮೊಟ್ಟೆಗಳಿಲ್ಲ, ಹಾಲೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ನಿಮ್ಮ ಅತ್ತೆಯವರಿಗೆ ಒಗ್ಗಬಹುದು. ಬೆಳಗಿನ ಉಪಾಹಾರ ಸೇರಿದ ಕೋಣೆಗೆ ಹೆಚ್ಚು ಕೊಡುವ ಮೊದಲು ಅದರಲ್ಲಿ ನಿಮಗೆ ದಕ್ಕುವುದೆಷ್ಟೆಂದು ಯೋಚಿಸಿ. ಬಿಸಿನೀರಿನ ಕೆಟ್ಲು ಕೋಣೆಯಲ್ಲಿದ್ದರೆ, ಮನೆಯಿಂದ ತಂದ ಅವಲಕ್ಕಿಯೂ ಅಲ್ಲಿ ಕೊಂಡ ಬಾಳೆಹಣ್ಣು ಮೊಸರೂ ಬೆಳಗಿನ ಮಟ್ಟಿಗೆ ಧಾರಾಳ.

ಯಾವ ತಿಂಗಳೆಂದು ನೀವು ಬರೆದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ, ಬಾಡಿಗೆ ಏರು. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ. ಸಂಕ್ರಾಂತಿ ಎಂಬ ಶಬ್ದವೇ ಹಾಗಾಗಿದೆ, ನಾವು ಇಲ್ಲಿ ವಿಷುಕಣಿ ಇಡುವ ಹೊತ್ತು. ಅವರು ಬೀದಿ ಬೀದಿಯಲ್ಲಿ ನೀರೆರಚುತ್ತಾರೆ. ಮಕ್ಕಳಿಗೆ ಸಂಭ್ರಮ, ಹಿರಿಯರಿಗೆ ಬೇಡ. ಸೆಪ್ಟೆಂಬರು ಅಕ್ಟೋಬರಿನಲ್ಲಿ ಮಳೆ ಜೋರು, ಬಾಡಿಗೆ ಇಳಿಕೆ; ತಗ್ಗಿನ ಗಲ್ಲಿಗಳಲ್ಲಿ ನೀರು ನಿಲ್ಲುತ್ತದೆ. ಜನವರಿ ಕೊನೆಯಲ್ಲಿಯೋ ಫೆಬ್ರವರಿಯಲ್ಲಿಯೋ ಬರುವ ಚೀನೀ ಹೊಸವರ್ಷದ ವಾರವನ್ನು ಬಿಟ್ಟು, ಫೆಬ್ರವರಿಯ ಉಳಿದ ದಿನಗಳನ್ನು ನೋಡಿ. ಹಣ ಹಿಂದಿರುಗಿಸುವುದಿಲ್ಲವೆಂಬ ಷರತ್ತಿನ ಕೋಣೆಗಳು ತುಸು ಅಗ್ಗ. ಹಿರಿಯರ ಆರೋಗ್ಯವನ್ನು ನಂಬಿ ಹೊರಡುವವರು ಆ ಅಗ್ಗಕ್ಕೆ ಹೋಗದಿರುವುದು ಲೇಸು.

ಇನ್ನು ಅರಮನೆ. ಮೊದಲ ದಿನ ವಿಶ್ರಾಂತಿಗೆ ಬಿಟ್ಟು ಎರಡನೆಯ ದಿನವೇ ಹೋಗಿ, ಕೊನೆಗೆ ಉಳಿಸಿಕೊಳ್ಳಬೇಡಿ. ಸಾಮ್ ಯೋತ್‌ನಿಂದ ಮುಂದಿನ ನಿಲ್ದಾಣ ಸನಾಮ್ ಚಾಯ್. ಆದರೆ ಅಲ್ಲಿಂದ ಬಾಗಿಲಿಗೆ ಒಂದು ಕಿಲೋಮೀಟರಿಗೂ ಹೆಚ್ಚು ನಡಿಗೆಯಿದೆ. ಅತ್ತೆಯವರನ್ನು ವಸತಿಗೃಹದಿಂದ ನೇರವಾಗಿ ಟ್ಯಾಕ್ಸಿಯಲ್ಲೇ ಕರೆದುಕೊಂಡು ಹೋಗಿ. ದಾರಿಯಲ್ಲಿ ಸಭ್ಯ ವೇಷದ ಯಾರಾದರೂ ಬಂದು ಅರಮನೆ ಇಂದು ಮುಚ್ಚಿದೆ, ಬೇರೊಂದು ಗುಡಿ ತೋರಿಸುತ್ತೇನೆ ಎಂದರೆ ನಂಬಬೇಡಿ; ಆ ಸವಾರಿ ಕೊನೆಗೊಳ್ಳುವುದು ಹರಳಿನ ಅಂಗಡಿಯಲ್ಲಿ. ತಲೆಗೆ 500 ಬಾತ್ ಟಿಕೆಟು. ಹೆಗಲು ಮೊಣಕಾಲು ಮುಚ್ಚಿರಬೇಕು, ಸೀರೆಗೆ ಅಡ್ಡಿಯಿಲ್ಲ. ಒಳಗೆ ಗುಡಿಯ ಸುತ್ತಲಿನ ಮೊಗಸಾಲೆಗೆ ಮಾಡು ಇದೆ, ನೆರಳುಂಟು. ಚಿತ್ರಗಳು ಉತ್ತರದ ಕಡೆಯಲ್ಲಿ ಜನಕರಾಯನಿಗೆ ನೇಗಿಲ ಸಾಲಿನಲ್ಲಿ ಸೀತೆ ದೊರೆಯುವಲ್ಲಿಂದ ಆರಂಭವಾಗಿ ಬಲಸುತ್ತಾಗಿ ಸಾಗುತ್ತವೆ. ರಾವಣನಿಗೆ ಅವರಲ್ಲಿ ತೋಸಕಂಠ, ಎಂದರೆ ದಶಕಂಠನೆಂದು ಹೆಸರು, ಮೋರೆ ಹಸುರು. ಹನುಮಂತನು ಬಿಳಿಯ ಬಣ್ಣದವನು. ಊರಿಗೆ ಮರಳಿದ ಮೇಲೆ ನಾವು ಪುಸ್ತಕ ನೋಡಿ ಅತ್ತೆಯವರಿಗೆ ಇದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಹಾಗಲ್ಲ" ಎಂದರು.

ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಮಧ್ಯಾಹ್ನ ಮೂರೂವರೆಗೆ ಟಿಕೆಟು ನಿಲ್ಲುತ್ತದೆ. ಎಂಟೂವರೆಗೇ ಅಲ್ಲಿರಿ.